ಇಟಲಿಯ ಮಿಲಾನ್–ಸಾನ್ ರೆಮೊ ಸೈಕಲ್ ರೇಸ್ ಸುಮಾರು 300 ಕಿ.ಮೀ. ಇದ್ದರೂ ಕೊನೆಯ ಹತ್ತು ನಿಮಿಷದಲ್ಲೇ ಯಾಕೆ ತೀರ್ಮಾನವಾಗುತ್ತದೆ?

ಗಾಳಿ ಮಾರಾಯ್ರೆ, ಗಾಳಿ. ಎದುರುಗಾಳಿ ಇರುವ ದಿನ ಮುಲ್ಕಿ ಸೇತುವೆ ಮೇಲೆ ಒಬ್ಬರೇ ತುಳಿದು ನೋಡಿ. ಆಮೇಲೆ ಗೆಳೆಯನ ಹಿಂದಿನ ಚಕ್ರಕ್ಕೆ ಎರಡು ಗೇಣು ಬಿಟ್ಟು ಹೋಗಿ. ಅದೇ ವೇಗಕ್ಕೆ ಕಾಲು ಭಾಗದಷ್ಟಾದರೂ ಶ್ರಮ ಉಳಿಯುತ್ತದೆ. ಈ ರೇಸಲ್ಲಿ ಏಳೇಳು ಜನರ ತಂಡ. ಆರು ಜನ ಸರದಿಯಲ್ಲಿ ಗಾಳಿ ತಿನ್ನುತ್ತಾರೆ, ಗೆಲ್ಲಬೇಕಾದವ ಹಿಂದೆ ಅಡಗಿರುತ್ತಾನೆ. ದಾರಿಯ ಬಹುಭಾಗ ಸಮತಟ್ಟು, ಹಾಗಾಗಿ ಒಂಟಿಯಾಗಿ ಓಡಿಹೋದವನನ್ನು ಗುಂಪು ಹಿಡಿದೇ ಹಿಡಿಯುತ್ತದೆ.

1907ರಲ್ಲಿ ಶುರುವಾದ ಈ ರೇಸಿಗೆ 1960ರಲ್ಲಿ ಪೋಜಿಯೊ ಎಂಬ ಏರನ್ನು ಸೇರಿಸಿದರು. ಉದ್ದ 3.7 ಕಿ.ಮೀ., ಸರಾಸರಿ ಏರು ಶೇ. 4ಕ್ಕಿಂತ ಕಡಿಮೆ. ಇಂದ್ರಾಳಿಯಿಂದ ಮಣಿಪಾಲಕ್ಕೆ ದಿನಾ ಹತ್ತುವವರು ನಕ್ಕಾರು! ಆದರೆ 280 ಕಿ.ಮೀ. ತುಳಿದ ಕಾಲಿಗೆ ಅದನ್ನು ಆರು ನಿಮಿಷದೊಳಗೆ ಹತ್ತಬೇಕು. ಆ ವೇಗಕ್ಕೆ ಸ್ಪ್ರಿಂಟರ್‌ಗಳಲ್ಲಿ, ಅಂದರೆ ಗುರಿಯ ಹತ್ತಿರ ಒಮ್ಮೆಲೇ ನುಗ್ಗಿ ಗೆಲ್ಲುವವರಲ್ಲಿ, ಹಲವರು ಕಳಚಿಕೊಳ್ಳುತ್ತಾರೆ. ತುದಿಯಿಂದ ಗುರಿಗೆ ಬರೀ ಐದೂವರೆ ಕಿ.ಮೀ., ಅದರಲ್ಲೂ ಅರ್ಧಕ್ಕಿಂತ ಹೆಚ್ಚು ತಿರುವು ತಿರುವಿನ ಇಳಿಜಾರು. ಅಲ್ಲಿ ಗುಂಪಿಗಿಂತ ಒಬ್ಬ ಧೈರ್ಯವಂತನೇ ವೇಗ. 2022ರಲ್ಲಿ ಸ್ಲೊವೇನಿಯಾದ ಮಾತೇಯ್ ಮೊಹೊರಿಚ್, ಮೌಂಟನ್ ಬೈಕಿನಲ್ಲಿರುವಂತೆ ಓಡುತ್ತಲೇ ಸೀಟು ತಗ್ಗಿಸುವ ಕಂಬ ಹಾಕಿಸಿಕೊಂಡು ಬಂದು, ಇಲ್ಲೇ ಜಾರಿಕೊಂಡು ಗೆದ್ದ. ನನಗೆ ಇಷ್ಟವಾದ ಕಳ್ಳಬುದ್ಧಿ ಅದು, ನಿಯಮದೊಳಗೇ ಇತ್ತು.

ಮಾರ್ಚ್‌ನಲ್ಲಿ ನಡೆಯುತ್ತದೆ. ಇಡೀ ದಿನ ನೋಡಬೇಕಾಗಿಲ್ಲ, ರಾತ್ರಿ ಒಂಬತ್ತರ ಹೊತ್ತಿಗೆ ಊಟ ಮುಗಿಸಿ ಕೂತರೆ ಸಾಕು.