ಆನೆ ಹಿಂದೆ ಬಂದರೆ ‘ಫಾಲೋ’ ಸಾಕೇ?

ಪ್ರಶ್ನೆ: ಸಿದ್ದಾಪುರದ ಬಳಿ ಹೋಂಸ್ಟೇ ನಡೆಸುತ್ತಿದ್ದೇನೆ. ಕಾಫಿ ತೋಟದಲ್ಲಿ ಒಂಟಿಯಾಗಿ ಅಡ್ಡಾಡಿದರೆ ಆನೆ ಬೆನ್ನು ಹತ್ತಬಹುದು ಎಂದು ಇಂಗ್ಲಿಷಿನಲ್ಲಿ ಫಲಕ ಬರೆಸಬೇಕು. ನಾನು ‘ಫಾಲೋ’ ಎಂದೆ, ಮಗಳು ‘ಚೇಸ್’ ಎನ್ನುತ್ತಾಳೆ. ನಿಘಂಟಿನಲ್ಲಿ ಪರ್ಸ್ಯೂ, ಟ್ರ್ಯಾಕ್, ಸ್ಟಾಕ್‌ಗಳೂ ಇವೆ. ಯಾವುದು ಸರಿ?

ಉತ್ತರ: ಮಗಳ ಮಾತು ಕೇಳಿ. ‘ಫಾಲೋ’ ಎಂದರೆ ಹಿಂದೆ ಹೋಗುವುದು, ಅಷ್ಟೇ. ಅದರಲ್ಲಿ ಓಟವೂ ಇಲ್ಲ, ಸಿಟ್ಟೂ ಇಲ್ಲ. ಮರಿಯಾನೆ ತಾಯಿಯ ಹಿಂದೆ ನಡೆಯುವುದಕ್ಕೆ ಅದು ಒಪ್ಪುತ್ತದೆ. ನಿಮ್ಮ ಫಲಕ ಓದಿದ ಅತಿಥಿ ಕ್ಯಾಮೆರಾ ಹಿಡಿದು ಕಾದು ನಿಂತಾನು!

‘ಚೇಸ್’ನಲ್ಲಿ ಓಟವಿದೆ, ಹಿಡಿಯುವ ಇಲ್ಲವೇ ಓಡಿಸುವ ಉದ್ದೇಶವೂ ಇದೆ. ತೊಡಕಿರುವುದೂ ಅಲ್ಲೇ. ಆನೆ ನಮ್ಮನ್ನು ಅಟ್ಟಿಸಿಕೊಂಡು ಬಂದರೂ ‘ಚೇಸ್’, ಅರಣ್ಯ ಸಿಬ್ಬಂದಿ ಪಟಾಕಿ ಸಿಡಿಸಿ ಅದನ್ನು ಕಾಡಿಗೆ ಅಟ್ಟಿದರೂ ‘ಚೇಸ್’. ಎರಡನೆಯದಕ್ಕೆ ‘ದೂರಕ್ಕೆ’ ಎಂಬರ್ಥದ ಇಂಗ್ಲಿಷಿನ ‘ಅವೇ’ ಸೇರಿಸದಿದ್ದರೆ ಸಿಬ್ಬಂದಿ ಆನೆಯನ್ನು ಹಿಡಿಯಲು ಓಡಿದರು ಎಂದಾಗಬಹುದು.

‘ಪರ್ಸ್ಯೂ’ ವರದಿಗಳ ಗಂಭೀರ ಮಾತು: ಪಟ್ಟು ಬಿಡದೆ ಬೆನ್ನು ಹತ್ತುವುದು. ಓದು, ವೃತ್ತಿ, ಮೊಕದ್ದಮೆಗಳಿಗೂ ಸಲ್ಲುತ್ತದೆ. ಫಲಕಕ್ಕೆ ಭಾರವಾಯಿತು. ‘ಟ್ರ್ಯಾಕ್’ ಮಾಡಲು ಪ್ರಾಣಿ ಕಣ್ಣಿಗೆ ಬೀಳಲೇಬೇಕಾಗಿಲ್ಲ. ಹೆಜ್ಜೆಗುರುತು, ಲದ್ದಿ, ಮುರಿದ ಕೊಂಬೆಗಳಿಂದ ಜಾಡು ಹಿಡಿಯಬಹುದು. ರೇಡಿಯೋ ಕಾಲರ್ ತೊಡಿಸಿದ ಆನೆ ಎಲ್ಲಿದೆ ಎಂದು ನೋಡುವುದೂ ಟ್ರ್ಯಾಕಿಂಗೇ.

‘ಸ್ಟಾಕ್’ ಅನ್ನು ಬೇಟೆಯಾಡದ ಆನೆಗೆ ಹಚ್ಚಬೇಡಿ. (ಅಂಗಡಿಯ ದಾಸ್ತಾನೂ ಇದಲ್ಲ; ಇದರ ಕಾಗುಣಿತದಲ್ಲಿ ಉಚ್ಚರಿಸದ ‘ಎಲ್’ ಅಕ್ಷರವಿದೆ.) ನಾಗರಹೊಳೆಯ ಹುಲಿ ಪೊದೆಯ ಮರೆಯಲ್ಲಿ ಸದ್ದಿಲ್ಲದೆ ಜಿಂಕೆಯತ್ತ ಸರಿಯುವುದು ‘ಸ್ಟಾಕ್’. ಮನುಷ್ಯರ ನಡುವೆ ಇದು ಅಪರಾಧ. 2013ರಲ್ಲಿ ದಂಡಸಂಹಿತೆಗೆ 354ಡಿ ಕಲಂ ಆಗಿ ಸೇರಿ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿದೆ. ತನಗೆ ಆಸಕ್ತಿಯಿಲ್ಲ ಎಂದು ಮಹಿಳೆ ಸ್ಪಷ್ಟಪಡಿಸಿದ ಮೇಲೂ ಸಂಪರ್ಕ ಬೆಳೆಸಲು ಮತ್ತೆ ಮತ್ತೆ ಹಿಂಬಾಲಿಸುವುದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಇದರ ವ್ಯಾಪ್ತಿಗೆ ಬರುತ್ತವೆ. ಮೊದಲ ಸಲ ತಪ್ಪಿತಸ್ಥನಾದರೆ 3 ವರ್ಷದವರೆಗೆ ಸಜೆ, ಮತ್ತೆ ಮಾಡಿದರೆ 5 ವರ್ಷದವರೆಗೆ. ಯಾರದೋ ಇನ್‌ಸ್ಟಾಗ್ರಾಂ ಫೋಟೊಗಳನ್ನು ನೋಡಿದ್ದಕ್ಕೂ ತಮಾಷೆಗೆ ‘ಸ್ಟಾಕ್ ಮಾಡಿದೆ’ ಎನ್ನುವವರಿದ್ದಾರೆ. ನನಗಂತೂ ಅದು ಹಿಡಿಸದು.

ನೀವು ಕೇಳದ ಇನ್ನೆರಡು, ‘ಟೇಲ್’ ಮತ್ತು ‘ಶ್ಯಾಡೋ’, ಪತ್ತೇದಾರರ ಪದಗಳು: ಗೊತ್ತಾಗದಂತೆ ಹಿಂದೆ ಹೋಗುವುದು. ಕಚೇರಿಯಲ್ಲಿ ಹಿರಿಯರ ಜೊತೆಗಿದ್ದು ಕೆಲಸ ಕಲಿಯುವುದನ್ನೂ ‘ಶ್ಯಾಡೋ’ ಎನ್ನುತ್ತಾರೆ.

ಫಲಕದಲ್ಲಿ ‘ಚೇಸ್’ ಇರಲಿ. ಆನೆ ನೇರವಾಗಿ ನುಗ್ಗಿ ಬರುತ್ತದೆ ಎನ್ನಬೇಕಿದ್ದರೆ ‘ಚಾರ್ಜ್’ ಎಂದು ಬರೆಸಿ. ಅತಿಥಿಗಳು ಕರೆ ಮಾಡಬೇಕಾದ ಮೊಬೈಲ್ ಸಂಖ್ಯೆಯೂ ಅದರ ಕೆಳಗೇ ಇರಲಿ.