ಸಿ.ಒ. ಸಾಹೇಬರಿಗೆ ಪತ್ರ ಬರೆದರೆ ಸಾಕೇ?

ಹಾಸನ ಕಡೆಯ ನಿವೃತ್ತ ಸುಬೇದಾರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸೈನ್ಯದಲ್ಲಿರುವ ಗಂಡ ಹೊಡೆದರೆ, ಬೆದರಿಸಿದರೆ ಹೆಂಡತಿ ಕೋರ್ಟಿನಿಂದ ರಕ್ಷಣಾ ಆದೇಶ ತರಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದು ಅವರಿಗೆ ಸರಿಬಂದಿಲ್ಲ. "ನಮ್ಮ ಬೀದಿಯಲ್ಲೇ ಇಂಥ ಹುಡುಗಿ ಒಬ್ಬಳಿದ್ದಾಳೆ. ಗಂಡನ ಯೂನಿಟ್ಟಿನ ಸಿ.ಒ. (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಪತ್ರ ಬರಿ ಅಂದಿದ್ದೆ. ನಿಮ್ಮ ಪತ್ರಿಕೆ ಓದಿ ಈಗ ಕೋರ್ಟಿಗೆ ಹೊರಟಿದ್ದಾಳೆ. ದೇಶ ಕಾಯುವವನನ್ನು ಕಟಕಟೆ ಹತ್ತಿಸೋದು ಸರೀನಾ? ಒಂದು ಸ್ಪಷ್ಟನೆ ಹಾಕಿ" ಎಂದು ಕೇಳಿದ್ದಾರೆ.

ಸುಬೇದಾರ್ ಸಾಹೇಬರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಗಡಿಯಲ್ಲಿರುವವನಿಗೆ ಸಮನ್ಸ್ ಹೋದರೆ ಅವನಿಗೆ ರಜೆ ಸಿಗಬೇಕು, ವಕೀಲ ಸಿಗಬೇಕು. ಸುಳ್ಳು ದೂರು ಇರುವುದೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಪರಿಸ್ಥಿತಿ ಬದಲಾದರೆ ಆದೇಶ ಬದಲಿಸಿ ಎಂದು ಗಂಡನೂ ಕೋರ್ಟಿಗೆ ಅರ್ಜಿ ಹಾಕಬಹುದು.

ಈಗ ಆ ಹುಡುಗಿಯ ವಿಷಯ. ಅವಳಿಗೆ ಭಯ ಯಾವಾಗ ಹೇಳಿ? ಗಂಡ ರಜೆಗೆ ಬಂದಾಗ ಅಲ್ವಾ? ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇದೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ದಿನಗಳಲ್ಲಿ ಸಿ.ಒ. ಸಾಹೇಬರು ಕಾಶ್ಮೀರದ ಕುಪ್ವಾರದಲ್ಲೋ ಅಸ್ಸಾಮಿನ ತೇಜಪುರದಲ್ಲೋ ಇರುತ್ತಾರೆ, ಇವನು ನಿಮ್ಮ ಬೀದಿಯಲ್ಲಿರುತ್ತಾನೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೆ ಅವಳು ಯಾರಿಗೆ ಫೋನ್ ಮಾಡಬೇಕು? ಸಿ.ಒ. ಕರೆದು ಬೈಯಬಹುದು, ಶಿಸ್ತುಕ್ರಮ ಕೈಗೊಳ್ಳಬಹುದು. 1950ರ ಸೇನಾ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಹೆಂಡತಿ ಮಕ್ಕಳ ಜೀವನಾಂಶವನ್ನು ಜವಾನನ ಸಂಬಳದಲ್ಲೇ ಹಿಡಿಯುವುದಕ್ಕೂ ದಾರಿ ಇದೆ. ಅದೆಲ್ಲ ಒಳ್ಳೆಯದೇ. ಆದರೆ ನಿಮ್ಮೂರ ಠಾಣೆಯ ಪೇದೆಯನ್ನು ಅವಳ ಮನೆಗೆ ಕಳಿಸುವ ಅಧಿಕಾರ ಅವರಿಗಿಲ್ಲ.

ಮ್ಯಾಜಿಸ್ಟ್ರೇಟರಿಗಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 18ನೇ ಸೆಕ್ಷನ್ ಒಮ್ಮೆ ಓದಿ ನೋಡಿ. ಹೊಡೆಯಬೇಡ ಅನ್ನುವುದಷ್ಟೇ ಅಲ್ಲ, ಎದುರಿಗೆ ಬರಬೇಡ, ಬರೆಯಬೇಡ, ಫೋನ್ ಮಾಡಬೇಡ, ಮೊಬೈಲಿನಲ್ಲಿ ಸಂದೇಶ ಕಳಿಸಬೇಡ ಎಂದೂ ಆದೇಶ ಮಾಡಬಹುದು. ಅರ್ಜಿ ಹಾಕಲು ಅವಳು ಗಂಡನ ಪೋಸ್ಟಿಂಗ್ ಇರುವ ಊರಿಗೆ ಅಲೆಯಬೇಕಾಗಿಲ್ಲ. ಸದ್ಯಕ್ಕೆ ತವರಲ್ಲಿದ್ದರೆ ಅಲ್ಲಿನ ಕೋರ್ಟೇ ಸಾಕು. ತುರ್ತಿದ್ದರೆ ಅವಳ ಪ್ರಮಾಣಪತ್ರ ನೋಡಿ, ಗಂಡ ಬರುವುದಕ್ಕೆ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಅದರ ಪ್ರತಿ ಠಾಣೆಗೂ ಹೋಗುತ್ತದೆ. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಮಾತು. ಸಿ.ಒ. ಎರಡು ಮೂರು ವರ್ಷಕ್ಕೆ ಬದಲಾಗುತ್ತಾರೆ. ಹೊಸಬರಿಗೆ ಹಳೆಯ ಪತ್ರದ ನೆನಪು ಎಲ್ಲಿಂದ ಬರಬೇಕು? ರಕ್ಷಣಾ ಆದೇಶವಾದರೋ ಅವಳಾಗಿ ಬೇಡ ಎಂದು ಅರ್ಜಿ ಹಾಕುವವರೆಗೂ, ಇಲ್ಲವೇ ಕೋರ್ಟೇ ಬದಲಿಸುವವರೆಗೂ ಜಾರಿಯಲ್ಲಿರುತ್ತದೆ.

ನೀವು ಹೇಳುವ ಪದ್ಧತಿ ಅಮೆರಿಕದ ಸೈನ್ಯದಲ್ಲಿದೆ. ಅಲ್ಲಿ ಕಮಾಂಡರೇ 'ಹೆಂಡತಿಯನ್ನು ಸಂಪರ್ಕಿಸಬೇಡ' ಎಂದು ಲಿಖಿತ ಆದೇಶ ಕೊಡುತ್ತಾರೆ. ಮೀರಿದರೆ ಸೇನಾ ಕಾನೂನಿನಂತೆ ಶಿಕ್ಷೆ. ಆದರೆ ಆ ಆದೇಶ ಹಿಡಿದು ಹೊರಗಿನ ಪೊಲೀಸರು ಅವನನ್ನು ಬಂಧಿಸುವಂತಿಲ್ಲ. ಅದಕ್ಕೇ ಅಲ್ಲೂ ಹೆಂಗಸರಿಗೆ ಕೋರ್ಟಿನ ಆದೇಶವನ್ನೂ ತನ್ನಿ ಎಂದು ಹೇಳುತ್ತಾರೆ. ಅದು ಸೇನಾ ನೆಲೆಯ ಒಳಗೂ ನಡೆಯಬೇಕು ಎಂದು 2002ರಲ್ಲಿ ಕಾನೂನೇ ಆಯಿತು. ಒಳಗಿನ ವಿಷಯ ಒಳಗೇ ಉಳಿದರೆ ಏನಾಗುತ್ತದೆ ಅನ್ನುವುದಕ್ಕೂ ಅಲ್ಲೇ ಉದಾಹರಣೆ ಇದೆ. 2012ರಲ್ಲಿ ಒಬ್ಬ ವಾಯುಪಡೆಯವನಿಗೆ ಹೆಂಡತಿ ಮತ್ತು ಮಲಮಗನ ಮೇಲೆ ಹಲ್ಲೆ ಮಾಡಿದ್ದಕ್ಕೆ ಕೋರ್ಟ್ ಮಾರ್ಷಲ್ ಆಯಿತು, ಶಿಕ್ಷೆಯೂ ಆಯಿತು. ವಾಯುಪಡೆ ಆ ಮಾಹಿತಿಯನ್ನು ಎಫ್‌ಬಿಐಗೆ ಕಳಿಸಲೇ ಇಲ್ಲ. ಕಳಿಸಿದ್ದರೆ ಅವನಿಗೆ ಬಂದೂಕು ಮಾರುವಂತಿರಲಿಲ್ಲ. ಅವನು ಅಂಗಡಿಗೆ ಹೋಗಿ ಬಂದೂಕು ಕೊಂಡ. 2017ರ ನವೆಂಬರಿನಲ್ಲಿ ಟೆಕ್ಸಸ್‌ನ ಸದರ್ಲ್ಯಾಂಡ್ ಸ್ಪ್ರಿಂಗ್ಸ್‌ನ ಚರ್ಚಿನಲ್ಲಿ ಅವನ ಗುಂಡಿಗೆ 26 ಜನರ ಪ್ರಾಣ ಹೋಯಿತು.

ನಮ್ಮಲ್ಲಿ ಈ 'ಒಳಗೇ ಮುಗಿಸಿ' ಅನ್ನುವ ಕಾಯಿಲೆ ಸೈನ್ಯಕ್ಕೆ ಮಾತ್ರ ಅಂಟಿದ್ದಲ್ಲ. ಹೆಡ್ ಮಾಸ್ಟರ್ ಸ್ಕೂಲಿನೊಳಗೇ ಮುಗಿಸುತ್ತಾರೆ, ಮಠದವರು ಮಠದೊಳಗೇ, ಕಂಪನಿಯವರು ಕಂಪನಿಯೊಳಗೇ. ಹೆಣ್ಣುಮಗಳು ಠಾಣೆ ಮೆಟ್ಟಿಲು ಹತ್ತಿದರೆ ಅಲ್ಲೂ "ದೇಶ ಕಾಯೋನ ಮೇಲೆ ಕೇಸ್ ಹಾಕ್ತೀಯೇನಮ್ಮಾ, ಹೊಂದಿಕೊಂಡು ಹೋಗು" ಎಂಬ ಉಪದೇಶ. ಆಗಸ್ಟ್ 15ಕ್ಕೆ ಯೋಧನಿಗೆ ಹಾರ ಹಾಕುತ್ತೇವೆ. ಹಾಕಲೇಬೇಕು. ವರ್ಷದಲ್ಲಿ ಹತ್ತು ತಿಂಗಳು ಹೊಲ, ಅತ್ತೆ ಮಾವ, ಮಕ್ಕಳ ಫೀಸು ಎಲ್ಲ ಒಬ್ಬಳೇ ನಿಭಾಯಿಸಿದವಳನ್ನು ಹೇಗಿದ್ದೀಯಮ್ಮ ಅಂತ ಯಾರೂ ಕೇಳುವುದಿಲ್ಲ. ಇನ್ನು ಕೋರ್ಟು. ಇಂಥ ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ದಿನಾಂಕದ ಮೇಲೆ ದಿನಾಂಕ ಕೊಟ್ಟು ಅದನ್ನು ವರ್ಷಗಟ್ಟಲೆ ಎಳೆಯುತ್ತಾರಲ್ಲ, ನಿಮ್ಮ ಸಿಟ್ಟು ಅಲ್ಲಿಗೆ ತಿರುಗಲಿ ಸ್ವಾಮಿ!

ಸ್ಪಷ್ಟನೆ ಹಾಕುವುದಿಲ್ಲ. ಬದಲಿಗೆ ನಿಮ್ಮಿಂದಲೇ ಒಂದು ಉಪಕಾರ ಆಗಬೇಕು. ಆ ಹುಡುಗಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. ಹೆಂಗಸರಿಗೆ ಅಲ್ಲಿ ವಕೀಲರ ಫೀಸಿಲ್ಲ. ತುರ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿ. ಆದೇಶ ಕೈಗೆ ಬಂದ ಮೇಲೆ ಸಿ.ಒ. ಸಾಹೇಬರಿಗೂ ಪತ್ರ ಹೋಗಲಿ. ಆರ್ಮಿ ನಂಬರ್, ರ್‍ಯಾಂಕ್, ಯೂನಿಟ್, ಕೇರ್ ಆಫ್ 56 ಎಪಿಒ (ಸೇನಾ ಅಂಚೆ ಕಚೇರಿ) ಅಂತೆಲ್ಲ ಸೈನ್ಯದ ರೀತಿಯಲ್ಲಿ ಬರೆಯಲು ಆ ಬೀದಿಯಲ್ಲಿ ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆದೇಶದ ಪ್ರತಿ ಲಗತ್ತಿಸಿ, ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ.