ನೋವಿನ ಮಾತ್ರೆ ನುಂಗಿದ ಮೇಲೆ ಉಬ್ಬಸ: ಬೇರೆ ಕಂಪನಿಯದು ನೋಡಬಹುದೇ?

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ವರ್ಷದಿಂದ ಅಸ್ತಮಾ ಇದೆ. ಮೂಗು ಸದಾ ಕಟ್ಟಿರುತ್ತದೆ, ವಾಸನೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಹೋದ ತಿಂಗಳು ಹಲ್ಲುನೋವಿಗೆ ಐಬುಪ್ರೊಫೆನ್ ತೆಗೆದುಕೊಂಡೆ. ಒಂದು ಗಂಟೆಯೊಳಗೆ ಮೂಗು ಸೋರಿ, ಮುಖ ಕೆಂಪಾಗಿ, ಉಸಿರು ಕಟ್ಟಿ ಆಸ್ಪತ್ರೆಗೆ ಓಡಬೇಕಾಯಿತು. ಮುಂಚೆ ಇದೇ ಮಾತ್ರೆ ಎಷ್ಟೋ ಸಲ ನುಂಗಿದ್ದೆ, ಏನೂ ಆಗಿರಲಿಲ್ಲ. ಇದು ಅಲರ್ಜಿಯೇ? ಬೇರೆ ಕಂಪನಿಯ ಮಾತ್ರೆ ತೆಗೆದುಕೊಳ್ಳಬಹುದಾ?

ಉತ್ತರ: ಬೇಡ, ಮನೆಯಲ್ಲಿ ಕೂತು ಆ ಪ್ರಯೋಗ ಮಾಡಲೇಬೇಡಿ. ಕಂಪನಿ ಬದಲಾದರೂ ಒಳಗಿನ ಔಷಧ ಅದೇ. ಇನ್ನೂ ಮುಖ್ಯವಾದ ವಿಷಯ ಅಂದರೆ, ಆಸ್ಪಿರಿನ್, ಡೈಕ್ಲೋಫೆನಾಕ್, ನ್ಯಾಪ್ರೋಕ್ಸೆನ್, ಕೀಟೋರೊಲಾಕ್ ಇವೆಲ್ಲ ನಿಮಗೆ ಅದೇ ತೊಂದರೆ ಕೊಡುವ ಸಾಧ್ಯತೆ ಜಾಸ್ತಿ.

ನೀವು ಬರೆದಿರುವುದು ಆಸ್ಪಿರಿನ್‌ನಿಂದ ಕೆರಳುವ ಅಸ್ತಮಾದ ಹಾಗೇ ಇದೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋಗಿದ್ದು ಮೂಗಿನ ಕಡೆಗೆ. ಅಸ್ತಮಾ, ಮೂಗಿನೊಳಗೆ ಪಾಲಿಪ್ ಎಂಬ ಮೆತ್ತನೆಯ ಗಡ್ಡೆಗಳು, ಆಸ್ಪಿರಿನ್ ಜಾತಿಯ ಮಾತ್ರೆ ಆಗದಿರುವುದು, ಈ ಮೂರೂ ಒಟ್ಟಿಗೆ ಬರುವುದನ್ನು ಫ್ರಾನ್ಸ್‌ನ ವೈದ್ಯ ವಿಡಾಲ್ ಮತ್ತು ಜೊತೆಗಾರರು 1922ರಲ್ಲೇ ಬರೆದಿಟ್ಟಿದ್ದರು. ಹೆಚ್ಚಾಗಿ ಮೂವತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಹಾಗಾಗಿ ಮೊದಲೆಲ್ಲ ಒಗ್ಗುತ್ತಿದ್ದ ಮಾತ್ರೆ ಈಗ ಒಗ್ಗದಿರುವುದು ವಿಚಿತ್ರವೇನಲ್ಲ.

ಯಾಕೆ ಹೀಗಾಗುತ್ತದೆ? ಈ ಮಾತ್ರೆಗಳು ದೇಹದಲ್ಲಿ ನೋವು, ಊತ ತರುವ ಪ್ರಾಸ್ಟಾಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುವುದನ್ನು ತಡೆದು ನೋವು ಇಳಿಸುತ್ತವೆ ಎಂದು 1971ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿದರು. 1975ರಲ್ಲಿ ಪೋಲೆಂಡ್‌ನ ಶ್ಚೆಕ್ಲಿಕ್ ತಂಡ ಅದನ್ನು ಅಸ್ತಮಾಕ್ಕೆ ಜೋಡಿಸಿತು. ಪ್ರಾಸ್ಟಾಗ್ಲಾಂಡಿನ್ ತಡೆಯುವ ಮಾತ್ರೆಗಳು ಇಂಥ ರೋಗಿಗಳಲ್ಲಿ ಉಬ್ಬಸ ತಂದವು, ತಡೆಯದ ಮಾತ್ರೆಗಳು ತರಲಿಲ್ಲ. ನನಗೆ ಇದು ಬಹಳ ಸೊಗಸಾದ ಸಂಶೋಧನೆ ಅನಿಸುತ್ತದೆ, ಯಾಕೆಂದರೆ ಬೇರೆಬೇರೆ ರಚನೆಯ ಔಷಧಗಳೆಲ್ಲ ಒಂದೇ ಥರ ಕಾಡುವುದೇಕೆ ಎಂಬ ಒಗಟು ಅದರಿಂದ ಬಿಡಿಸಿಕೊಂಡಿತು. ನಿಮ್ಮಂಥವರಲ್ಲಿ ಒಂದು ಬಗೆಯ ಪ್ರಾಸ್ಟಾಗ್ಲಾಂಡಿನ್ ಬ್ರೇಕಿನಂತೆ ಕೆಲಸ ಮಾಡುತ್ತಿರುತ್ತದೆ. ಮಾತ್ರೆ ಆ ಬ್ರೇಕ್ ತೆಗೆದ ಕೂಡಲೇ ಲ್ಯೂಕೋಟ್ರಿಯೀನ್ ಎಂಬ ವಸ್ತುಗಳು ಉಕ್ಕುತ್ತವೆ. ಶ್ವಾಸನಾಳ ಬಿಗಿಯುವುದು, ಮೂಗು ಸೋರುವುದು ಅದರಿಂದಲೇ. ಮಾಮೂಲಿ ಅಲರ್ಜಿಯ ದಾರಿ ಇದಲ್ಲ. ಅದಕ್ಕೇ ಚರ್ಮದ ಪರೀಕ್ಷೆ, ರಕ್ತ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಖಚಿತವಾಗಬೇಕಾದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರೇ ಸ್ವಲ್ಪಸ್ವಲ್ಪ ಆಸ್ಪಿರಿನ್ ಕೊಟ್ಟು ನೋಡಬೇಕು.

ಹಾಗಾದರೆ ಹಲ್ಲುನೋವಿಗೆ ಏನು ಮಾಡುವುದು ಅಲ್ವಾ? ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಇಂಥ ಬಹುತೇಕರಿಗೆ ಒಗ್ಗುತ್ತದೆ. ಒಂದೇ ಸಲ 1000 ಮಿಲಿಗ್ರಾಂ ನುಂಗಿದರೆ ಕೆಲವರಿಗೆ ಉಬ್ಬಸ ಬರುವುದುಂಟು. ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಎಂಬ ನೋವಿನ ಮಾತ್ರೆಗಳು ಕೂಡ ಹೆಚ್ಚಿನವರಿಗೆ ಒಗ್ಗುತ್ತವೆ, ಆದರೆ ಮೊದಲ ಮಾತ್ರೆ ವೈದ್ಯರ ಎದುರಿಗೇ ಆಗಲಿ. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಬೆರೆಸಿದ ಮಾತ್ರೆಗಳೂ ಇವೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಹೆಸರುಗಳನ್ನು ಓದದೆ ನುಂಗಬೇಡಿ.

ಒಮ್ಮೆ ಮೂಗನ್ನೂ ತೋರಿಸಿ. ಪಾಲಿಪ್ ಇದ್ದರೆ ಸ್ಟೆರಾಯ್ಡ್ ಸ್ಪ್ರೇ, ಲ್ಯೂಕೋಟ್ರಿಯೀನ್ ಕೆಲಸ ತಡೆಯುವ ಮಾಂಟೆಲುಕಾಸ್ಟ್ ಮಾತ್ರೆ, ಬೇಕಾದರೆ ಶಸ್ತ್ರಚಿಕಿತ್ಸೆ ಇದೆ. ಕೆಲವರಿಗೆ ಆಸ್ಪತ್ರೆಯಲ್ಲೇ ಆಸ್ಪಿರಿನ್ ಪ್ರಮಾಣ ಮೆಲ್ಲಗೆ ಏರಿಸಿ ಒಗ್ಗಿಸುತ್ತಾರೆ, ಆಮೇಲೆ ದಿನಾ ತಪ್ಪದೆ ನುಂಗಬೇಕು. ಕೆಲವೇ ದಿನ ಬಿಟ್ಟರೂ ಒಗ್ಗಿದ್ದು ಹೋಗಿಬಿಡುತ್ತದೆ.

ಅಸ್ತಮಾ ಇರುವ ಉಳಿದ ಓದುಗರು ಸುಮ್ನೆ ಹೆದರಬೇಡಿ. ಅಸ್ತಮಾ ಇರುವ ವಯಸ್ಕರಲ್ಲಿ ಇದು ನೂರಕ್ಕೆ ಸುಮಾರು 7 ಜನರಿಗೆ ಮಾತ್ರ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು, ಅದರಿಂದ ತೊಂದರೆ ಇಲ್ಲದಿದ್ದರೆ, ಇದನ್ನು ಓದಿ ನಿಲ್ಲಿಸಬೇಡಿ. ನೀವು ಮಾತ್ರ ದಂತವೈದ್ಯರಿಗೂ ಕಣ್ಣಿನ ವೈದ್ಯರಿಗೂ ಈ ವಿಷಯ ಮೊದಲೇ ಹೇಳಿ, ಕಣ್ಣಿಗೆ ಹಾಕುವ ಕೀಟೋರೊಲಾಕ್ ಹನಿಯಿಂದಲೂ ಉಬ್ಬಸ ಬಂದವರಿದ್ದಾರೆ.